ಒಂದೇ ಡಬ್ಬಿಯಲ್ಲಿ ನಾಲ್ಕು ಸಹಿಗಳು

ದೆಹಲಿಯಿಂದ ಬಂದ ಲಕೋಟೆಯನ್ನು ಅಕ್ಕ ನಮ್ಮ ಆಫೀಸಿಗೆ ತಂದದ್ದು ಒಂದು ಬುಧವಾರ, ಕೋರ್ಟು ಮುಗಿದ ಮೇಲೆ. ಒಮ್ಮೆ ಒಡೆದು ಓದಿ, ಮತ್ತೆ ಗೋಂದು ಹಚ್ಚಿ ಅಂಟಿಸಿದ್ದರು. ಯಾಕೆ ಎಂದು ಕೇಳಿದರೆ, "ಒಳಗಿರೋದು ಒಳಗೇ ಇರ್ಲಿ ಅಂತ" ಎಂದರು.

ಅಕ್ಕ ನನ್ನ ಒಡಹುಟ್ಟಿದವರಲ್ಲ, ಊರಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತಾರೆ. ಪಹಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ಪರೀಕ್ಷೆ ಫೀಸು, ಎಲ್ಲವೂ ಅಲ್ಲಿ ಆಗುತ್ತದೆ. ಸಣ್ಣ ಗುತ್ತಿಗೆದಾರರ ಟೆಂಡರುಗಳನ್ನು ಸರ್ಕಾರಿ ಪೋರ್ಟಲ್ಲಿಗೆ ಏರಿಸಿಕೊಡುವುದೂ ಅವರ ಕೆಲಸ. ನಾನು ಕೆಜಿಎಫ್‌ನವಳು. ವಕೀಲಿಗೆ ಸೇರಿ ಎರಡನೇ ವರ್ಷ ನಡೆಯುತ್ತಿತ್ತು. ದಿನಾ ಬೆಳಿಗ್ಗೆ ಕೋರಮಂಡಲ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಬಂಗಾರಪೇಟೆಗೆ ಬಂದು, ಪಾಲು ವಿಭಾಗದ ದಾವೆಗಳಿಗೆ ಹೆಸರಾದ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಈ ಕಡತ ಈಗ ಮುಗಿದಿದೆ. ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆದರೂ ಯಾರ ಹೆಸರನ್ನೂ ಹಾಕುವುದಿಲ್ಲ.

ಲಕೋಟೆಯಲ್ಲಿದ್ದದ್ದು ಸ್ಪರ್ಧಾ ಕಾಯ್ದೆಯ ಕೆಳಗೆ ಕೆಲಸ ಮಾಡುವ ಆಯೋಗದ ತನಿಖಾ ವಿಭಾಗದ ನೋಟಿಸು. ಒಂದು ಸರ್ಕಾರಿ ಸಂಸ್ಥೆಯ ವಸತಿನಿಲಯಗಳಿಗೆ ಮೊಟ್ಟೆ ಪೂರೈಸುವ ಟೆಂಡರಿಗೆ ನಾಲ್ಕು ಕೋಳಿ ಫಾರಂಗಳು ಅರ್ಜಿ ಹಾಕಿದ್ದವು. ನಾಲ್ಕೂ ಅರ್ಜಿಗಳು ಒಂದೇ ಇಂಟರ್ನೆಟ್ ವಿಳಾಸದಿಂದ, ಒಂದರ ಹಿಂದೆ ಒಂದರಂತೆ ಏರಿದ್ದವು. ಅನುಮಾನ ಬಂದ ಆ ಸಂಸ್ಥೆಯೇ ಆಯೋಗಕ್ಕೆ ಬರೆದಿತ್ತು. ಆ ಇಂಟರ್ನೆಟ್ ವಿಳಾಸ ಅಕ್ಕನ ಅಂಗಡಿಯದು. ನೀವು ಯಾರು, ಈ ನಾಲ್ವರಿಗೂ ನಿಮಗೂ ಏನು ಸಂಬಂಧ, ದರಗಳನ್ನು ನಿಮಗೆ ಕೊಟ್ಟವರು ಯಾರು, ಯಾವ ರೂಪದಲ್ಲಿ ಕೊಟ್ಟರು ಎಂದು ಪ್ರಶ್ನೆಗಳಿದ್ದವು. ಕೊನೆಯಲ್ಲಿ ಕಾಯ್ದೆಯ ಮೂರನೇ ಕಲಮಿಗೆ ಹೊಸದಾಗಿ ಸೇರಿದ ಒಂದು ವಾಕ್ಯವನ್ನು ನೆನಪಿಸಿದ್ದರು.

ಆ ವಾಕ್ಯ ಕಂಡು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಾಲೇಜಿನಲ್ಲಿ ಈ ಕಾಯ್ದೆಯನ್ನು ಪರೀಕ್ಷೆಗೆ ಬೇಕಾದಷ್ಟು ಮಾತ್ರ ಓದಿದ್ದೆವು. ತಿದ್ದುಪಡಿ ಬಂದದ್ದು ನಮ್ಮ ಪಠ್ಯಪುಸ್ತಕ ಅಚ್ಚಾದ ಮೇಲೆ. ಒಂದೇ ವ್ಯಾಪಾರದ ಎದುರಾಳಿಗಳು ಸೇರಿ ದರ ಗೊತ್ತು ಮಾಡುವುದು, ಟೆಂಡರು ಯಾರಿಗೆ ಹೋಗಬೇಕೆಂದು ಮೊದಲೇ ತೀರ್ಮಾನಿಸುವುದು ತಪ್ಪು ಎಂಬುದು ಹಳೆಯ ಮಾತು. ಹೊಸದೇನೆಂದರೆ, ಆ ವ್ಯಾಪಾರದಲ್ಲಿ ಇಲ್ಲದವರೂ ಅಂಥ ಒಪ್ಪಂದವನ್ನು ಮುಂದಕ್ಕೆ ಸಾಗಿಸಲು ಕೈಜೋಡಿಸಿದರೆ ಅವರೂ ಅದರ ಭಾಗವೆಂದೇ ಕಾನೂನು ಭಾವಿಸುತ್ತದೆ. ಚಕ್ರದ ಕಡ್ಡಿಗಳನ್ನು ಮಾತ್ರ ಹಿಡಿಯುತ್ತಿದ್ದ ಕಾನೂನು ಈಗ ಅವೆಲ್ಲ ಬಂದು ಸೇರುವ ನಡುವಿನ ಗುಂಬವನ್ನೂ ಹಿಡಿಯುತ್ತದೆ. ಜನ್ಮದಲ್ಲಿ ಒಂದು ಮೊಟ್ಟೆಯನ್ನೂ ಮಾರದ ಅಕ್ಕ ಮೊಟ್ಟೆ ವ್ಯಾಪಾರಿಗಳ ಸಾಲಿನಲ್ಲಿ ನಿಲ್ಲಬೇಕಾಗಿತ್ತು.

ದಂಡ ಬಿದ್ದರೆ ಹೇಗಾದರೂ ಕಟ್ಟಬಹುದಿತ್ತೇನೋ. ಅದಕ್ಕಿಂತ ದೊಡ್ಡದು ಅಂಗಡಿ. ಅಕ್ಕನ ಸೆಂಟರಿಗೆ ಸರ್ಕಾರಿ ಸೇವೆ ಕೊಡುವ ಪರವಾನಗಿ ಇತ್ತು. ನವೀಕರಣದ ನಮೂನೆಯಲ್ಲಿ, ಯಾವುದಾದರೂ ಪ್ರಾಧಿಕಾರ ದಂಡ ವಿಧಿಸಿದೆಯೇ ಎಂಬ ಕಾಲಂ ಇತ್ತು. ಅಲ್ಲಿ ಹೌದು ಎಂದು ಬರೆದರೆ ಪರವಾನಗಿ ಹೋಗುತ್ತದೆ, ಅಂಗಡಿ ಮುಚ್ಚುತ್ತದೆ. ಅಕ್ಕ, ಅವರ ಅತ್ತೆ, ಪಿಯುಸಿ ಓದುವ ಮಗಳು, ಮೂವರೂ ಆ ಅಂಗಡಿಯಿಂದಲೇ ಊಟ ಮಾಡುತ್ತಿದ್ದರು.

ಸೀನಿಯರ್ ನೋಟಿಸನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಅವರದು ಕಾಮಸಮುದ್ರದ ಕಡೆ. ಕೋರ್ಟಿನಲ್ಲಿ ಶುದ್ಧ ಕನ್ನಡ, ಆಫೀಸಿನಲ್ಲಿ ಊರ ಕನ್ನಡ.

"ಇದು ದಿಲ್ಲಿ ಕೇಸು ಕಣಮ್ಮ. ನಮಗ್ಯಾತಕ್ಕೆ? ಬೆಂಗಳೂರಾಗೆ ದೊಡ್ಡೋರವ್ರೆ, ಕಳಿಸ್ಕೊಡು."

"ಸರ್, ನೋಟಿಸಿಗೆ ಉತ್ತರ ನಾವೇ ಬರೆಯೋಣ. ನಾನು ಓದ್ತೀನಿ."

"ಓದು. ಓದಾಕೆ ಯಾರೂ ದಂಡ ಆಕಲ್ಲ."

ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ತಾರೀಖು, ಆ ದಿನ ಮಾಡಿದ್ದು, ಮಾಡದೆ ಉಳಿದದ್ದು. ಆ ವಾರದಿಂದ ಪುಟದ ಅಂಚಿನಲ್ಲಿ ಇನ್ನೊಂದು ಗೀಟು ಲೆಕ್ಕ ಶುರುವಾಯಿತು. ಸೀನಿಯರ್ "ಇದು ದಿಲ್ಲಿ ಕೇಸು" ಎಂದಾಗಲೆಲ್ಲ ಒಂದು ಗೀಟು. ಮೊದಲ ವಾರ ಐದರ ಕಟ್ಟುಗಳು ಮೂರಾದವು.

ಮರುದಿನ ಅಕ್ಕನ ಅಂಗಡಿಗೆ ಹೋದೆ. ಟೆಂಡರು ಹೇಗೆ ಏರಿಸುತ್ತೀರಿ, ಮೊದಲಿನಿಂದ ಮಾಡಿ ತೋರಿಸಿ ಎಂದೆ. ಅಕ್ಕ ಕೌಂಟರಿನ ಕೆಳಗಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಅದರ ತುಂಬ ಪೆನ್‌ಡ್ರೈವಿನಂಥ ಸಣ್ಣ ಸಣ್ಣ ಟೋಕನ್ನುಗಳು. ಆನ್‌ಲೈನ್ ಟೆಂಡರಿಗೆ ಬೇಕಾದ ಡಿಜಿಟಲ್ ಸಹಿ ಇರುವುದು ಅವುಗಳಲ್ಲೇ. ಕಾನೂನಿನ ಕಣ್ಣಿನಲ್ಲಿ ಅದು ಆ ಮನುಷ್ಯನ ಕೈ ಬೆರಳು. ತಾಲ್ಲೂಕಿನ ಗುತ್ತಿಗೆದಾರರೆಲ್ಲ ತಮ್ಮ ಬೆರಳುಗಳನ್ನು ಅಕ್ಕನ ಡಬ್ಬಿಯಲ್ಲಿ ಬಿಟ್ಟು ಹೋಗಿದ್ದರು. ಗುರುತಿಗೆ ಅಕ್ಕ ಉಗುರು ಬಣ್ಣ ಹಚ್ಚಿದ್ದರು. ಕೆಂಪು ರಸ್ತೆ ಕೆಲಸದವರು, ಹಸಿರು ತರಕಾರಿಯವರು, ಬಿಳಿ ಮೊಟ್ಟೆಯವರು. ಪಾಸ್‌ವರ್ಡುಗಳು ಅಕ್ಕನ ಬಾಯಲ್ಲಿದ್ದವು.

"ಇದನ್ನ ನಿಮ್ಮ ಹತ್ರ ಯಾಕೆ ಬಿಡ್ತಾರೆ ಅಕ್ಕ?"

"ಮನೇಲಿಟ್ರೆ ಮಕ್ಕಳು ಆಟಕ್ಕೆ ತಗೋತಾರೆ ಅಂತ. ಒಬ್ರು ಲಾರಿ ಕೀ ಜೊತೆ ಕಟ್ಕೊಂಡು ಕೆರೇಗೆ ಬೀಳ್ಸಿದ್ರು. ಇಲ್ಲಿದ್ರೆ ಬದ್ರ."

ನನಗೆ ಖುಷಿಯೋ ಖುಷಿ. ಉತ್ತರ ಕಣ್ಣೆದುರಿಗೇ ಇತ್ತು. ದೆಹಲಿಯ ಮೇಜಿನ ಮೇಲೆ ನಾಲ್ಕು ಅರ್ಜಿ ಒಂದೇ ವಿಳಾಸದಿಂದ ಬಂದರೆ ಅದು ಸಂಚು. ಬಂಗಾರಪೇಟೆಯಲ್ಲಿ ಅದು ವಾಡಿಕೆ. ಇದನ್ನು ತೋರಿಸಿಕೊಟ್ಟರೆ ಸಾಕು ಎಂದುಕೊಂಡು ಎರಡು ವಾರ ಓಡಾಡಿದೆ. ಬಸ್ಸಿನಲ್ಲಿ ಬೇತಮಂಗಲಕ್ಕೆ, ಕಾಮಸಮುದ್ರಕ್ಕೆ ಹೋದೆ. ಸಿಕ್ಕ ಸಿಕ್ಕ ಗುತ್ತಿಗೆದಾರರನ್ನು, ನಿಮ್ಮ ಟೆಂಡರನ್ನು ನೀವೇ ಏರಿಸುತ್ತೀರಾ ಎಂದು ಕೇಳಿದೆ. ಬಹಳ ಜನ ನಕ್ಕರು. ಟೋಕನ್ ಎಲ್ಲಿದೆ ಎಂದರೆ ಎಲ್ಲರೂ ಯಾವುದೋ ಒಂದು ಸೆಂಟರಿನ ಹೆಸರು ಹೇಳಿದರು. ದಿನಚರಿಯಲ್ಲಿ ಎರಡು ಕಾಲಂ ಮಾಡಿದ್ದೆ, "ತಾವೇ" ಮತ್ತು "ಸೆಂಟರು". ಎರಡನೆಯದು ಗೀಟುಗಳಿಂದ ಕಪ್ಪಾಯಿತು. ಮೊದಲನೆಯದರಲ್ಲಿ ಒಂದೇ ಒಂದು ಗೀಟು ಬಿತ್ತು. ಅದೂ ಆಮೇಲೆ ಅವರ ತಮ್ಮನೇ ಒಂದು ಸೆಂಟರು ನಡೆಸುತ್ತಾನೆಂದು ತಿಳಿದು ಅಳಿಸಿದೆ.

ದರಗಳು ಹತ್ತಿರ ಹತ್ತಿರ ಇದ್ದುದಕ್ಕೂ ಕಾರಣ ಹುಡುಕಿದೆ. ಮೊಟ್ಟೆಗೆ ದಿನದ ದರವೊಂದು ಬೆಳಿಗ್ಗೆ ಎಲ್ಲ ಫಾರಮ್ಮಿನವರ ಫೋನಿಗೂ ಬರುತ್ತದೆ. ಆ ದರದ ಮೇಲೆ ಸಾಗಾಣಿಕೆಗೆ ಎಷ್ಟು ಪೈಸೆ ಎಂಬುದನ್ನಷ್ಟೇ ಟೆಂಡರಿನಲ್ಲಿ ಹೇಳಬೇಕು. ಎಲ್ಲರದೂ ಅದೇ ಮೇವು, ಅದೇ ರಸ್ತೆ, ಅದೇ ಡೀಸೆಲು. ಎದುರಾಳಿಗಳ ಬೆಲೆ ಜೊತೆಜೊತೆಯಾಗಿ ನಡೆದ ಮಾತ್ರಕ್ಕೆ ಒಪ್ಪಂದ ಇತ್ತೆಂದು ಅರ್ಥವಲ್ಲ. ಉತ್ತರದ ಕರಡು ಹನ್ನೊಂದು ಪುಟ ಆಯಿತು. ಬರೆದಾಗ ನನ್ನ ಕೈಬರಹವೇ ನನಗೆ ಚೆನ್ನಾಗಿ ಕಂಡಿತು.

ಸೀನಿಯರ್ ಓದಿ, ಪರವಾಗಿಲ್ಲ ಎಂದು ತಲೆಯಾಡಿಸಿದರು. ಅವರೂ ಸುಮ್ಮನಿರಲಿಲ್ಲ. ಹೊಸ ತಿದ್ದುಪಡಿಯಲ್ಲಿ ರಾಜಿಗೂ ದಾರಿ ಇದೆ ಎಂದು ಯಾರಿಂದಲೋ ಕೇಳಿಕೊಂಡು ಬಂದಿದ್ದರು. ಇನ್ನು ಮುಂದೆ ಹೀಗೆ ನಡೆದುಕೊಳ್ಳುತ್ತೇವೆ ಎಂದು ಬರೆದುಕೊಟ್ಟು ಕಡತ ಮುಗಿಸಬಹುದಂತೆ. ಪಾಲು ವಿಭಾಗದ ವಕೀಲರಿಗೆ ರಾಜಿ ಎಂದರೆ ಪ್ರಾಣ. ಅಂದು ಸಂಜೆ ರೈಲಿನಲ್ಲಿ ಕುಳಿತು ಆ ನಿಯಮಗಳನ್ನು ಓದಿದೆ. ರಾಜಿಯೂ ಬದ್ಧತೆಯೂ ಬೇರೆ ಬಗೆಯ ತಪ್ಪುಗಳಿಗೆ ಮಾತ್ರ. ದೊಡ್ಡ ಕಂಪನಿ ತನ್ನ ವಿತರಕರ ಮೇಲೆ ಷರತ್ತು ಹೇರಿದರೆ, ಮಾರುಕಟ್ಟೆಯಲ್ಲಿ ತನಗಿರುವ ಬಲವನ್ನು ದುರುಪಯೋಗ ಮಾಡಿದರೆ ಉಂಟು. ಎದುರಾಳಿಗಳು ಕೂಡಿಕೊಂಡ ಕೂಟಕ್ಕೆ ಇಲ್ಲ. ಬೆಳಿಗ್ಗೆ ಹೇಳಿದೆ.

"ಅಂಗಾರೆ ಈ ಬಾಗ್ಲು ಮುಚ್ಚೈತೆ ಅನ್ನು" ಎಂದರು. ಮುಂದಿನ ಕಡತ ಎತ್ತಿಕೊಳ್ಳುತ್ತಾ, "ನಾ ಏಳಿರ್ಲಿಲ್ವಾ, ಇದು ದಿಲ್ಲಿ ಕೇಸು." ಇನ್ನೊಂದು ಗೀಟು.

ಉತ್ತರದ ಜೊತೆ ಅಕ್ಕನಿಗೆ ಬಂದ ಸಂದೇಶಗಳನ್ನೂ ಕೊಡಬೇಕಿತ್ತು. ನೋಟಿಸಿನಲ್ಲೇ ಕೇಳಿದ್ದರು. ಫಾರಮ್ಮಿನವರು ಯಾರೂ ಟೈಪ್ ಮಾಡುವುದಿಲ್ಲ, ಎಲ್ಲ ಧ್ವನಿ ಸಂದೇಶ. ಕೋಳಿಗಳ ಗದ್ದಲದ ನಡುವೆ ಮಾತಾಡಿದವು. ಒಂದೊಂದು ಮಾತು ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ಮುಗಿಯುತ್ತಿತ್ತು. ಒಂದೊಂದನ್ನೂ ಕೇಳಿ, ಆಡಿದಂತೆಯೇ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಹಾಕಬೇಕು. ಶನಿವಾರ ಬೆಳಿಗ್ಗೆಯಿಂದ ಅಕ್ಕನ ಅಂಗಡಿಯ ಒಳಕೋಣೆಯಲ್ಲಿ ಕುಳಿತೆ. ಹೊರಗೆ ಅಕ್ಕ ಯಾರದೋ ಆಧಾರ್ ತಿದ್ದುತ್ತಿದ್ದರು.

ಕಾಮಸಮುದ್ರದ ಕಡೆಯ ಯಜಮಾನರು ನಾಲ್ವರಲ್ಲಿ ಹಿರಿಯರು. ಅಕ್ಕ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು. ರಕ್ತಸಂಬಂಧವಿಲ್ಲ. ಅಕ್ಕನ ಬಾಣಂತನದಲ್ಲಿ ವಾರ ವಾರವೂ ಮನೆಗೆ ಮೊಟ್ಟೆ ಕಳಿಸಿದ್ದವರು ಅವರು. ಅಂಗಡಿ ತೆರೆದ ದಿನ ಮೊದಲ ಟೆಂಡರು ತಂದು ಕೊಟ್ಟವರೂ ಅವರೇ. ಅವರ ಸಂದೇಶ ಒತ್ತಿದೆ.

"ಅಮ್ಮಾ, ಈ ಸಲ ಸರದಿ ಬೇತಮಂಗ್ಲದೋನ್ದು. ನಂದು ಅವನ್ಕಿಂತ ಒಂದಾರು ಪೈಸೆ ಮ್ಯಾಕಿರ್ಲಿ. ಮರ್ತುಗಿರ್ತು ಕಮ್ಮಿ ಆಕ್ಬುಟ್ಟೀಯ."

ಅದರ ಕೆಳಗೆ ಅಕ್ಕನ ಉತ್ತರ.

"ಆಕಿದೀನಿ ದೊಡ್ಡಪ್ಪ. ಅವರ ಫೈಲು ತೆಗ್ದು ನೋಡ್ಕೊಂಡೇ ಆಕಿದೀನಿ."

ಮೂರು ಸಲ ಕೇಳಿದೆ. ಹನ್ನೊಂದು ಪುಟದ ಕರಡು ನನ್ನ ಚೀಲದಲ್ಲಿತ್ತು. ಅದರ ನಾಲ್ಕನೇ ಪುಟದಲ್ಲಿ, ನನ್ನ ಕಕ್ಷಿದಾರರು ಕೇವಲ ಬೆರಳಚ್ಚು ಮಾಡಿದವರು, ದರಗಳ ಬಗ್ಗೆ ಅವರಿಗೆ ಯಾವ ಅರಿವೂ ಇರಲಿಲ್ಲ ಎಂದು ಬರೆದಿದ್ದೆ.

ಅಂಗಡಿ ಖಾಲಿಯಾದ ಮೇಲೆ ಅಕ್ಕನನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವರಿಗೆ ಅನಿಸಿಯೇ ಇರಲಿಲ್ಲ. ಪ್ರತಿ ವರ್ಷ ಯಜಮಾನರ ಫಾರಮ್ಮಿನಲ್ಲಿ ನಾಲ್ವರೂ ಸೇರುತ್ತಾರೆ. ಮೊಟ್ಟೆಯ ಟ್ರೇಯಲ್ಲಿ ಮಡಚಿದ ಚೀಟಿಗಳನ್ನು ಇಟ್ಟು ಎತ್ತುತ್ತಾರೆ. ಹೆಸರು ಬಂದವನಿಗೆ ಆ ವರ್ಷದ ಟೆಂಡರು. ಒಮ್ಮೆ ಎತ್ತಿದವನು ಉಳಿದವರ ಸರದಿ ಮುಗಿಯುವವರೆಗೆ ಎತ್ತುವಂತಿಲ್ಲ. ಒಂದೇ ಅರ್ಜಿ ಬಂದರೆ ಟೆಂಡರು ರದ್ದಾಗುತ್ತದೆ. ಅದಕ್ಕೆ ಮಿಕ್ಕವರು ಮೇಲಿನ ದರ ಹಾಕಿ ಲೆಕ್ಕಕ್ಕೆ ನಿಲ್ಲುತ್ತಾರೆ.

"ನಾಲ್ಕು ಜನ ಕಿತ್ತಾಡ್ದಂಗೆ ವರ್ಷಕ್ಕೊಬ್ರು ತಗೊಂಡ್ರೆ ಏನಮ್ಮ ತಪ್ಪು? ನಾವೆಲ್ಲ ಚೀಟಿ ಎತ್ತಲ್ವಾ?"

"ಚೀಟೀಲಿ ನಾವು ಹಾಕಿದ್ದನ್ನೇ ನಾವು ಎತ್ತೋದು ಅಕ್ಕ. ಇಲ್ಲಿ ಹಾಕ್ತಾ ಇರೋರು ಯಾರು?"

ಅಕ್ಕ ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. ಮತ್ತೆ ತೆಗೆದರು. "ಹಾಸ್ಟೆಲ್ ಮಕ್ಕಳು" ಎಂದರು. ಆಮೇಲೆ, "ಬೇತಮಂಗಲದೋರು ಬೆಳಿಗ್ಗೆ ಫೋನ್ ಮಾಡಿದ್ರು. ಹಳೇ ಮೆಸೇಜು ನಿಮ್ಮ ಫೋನಲ್ಲಿ ಇನ್ನೂ ಅವ್ವೆ ತಾನೆ ಅಂತ ಕೇಳಿದ್ರು. ಅಳಿಸಿಬಿಡ್ಲಾ?"

ಅಳಿಸಿದರೆ ಅದು ಬೇರೆಯೇ ಅಪರಾಧ, ಒಂದನ್ನೂ ಮುಟ್ಟಬೇಡಿ ಎಂದೆ. ಅವರು ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಬೇತಮಂಗಲದವರು ಹಳೆಯ ಸಂದೇಶ ಯಾಕೆ ಕೇಳಿದರು? ಅವರಿಗೂ ವಕೀಲರು ಸಿಕ್ಕಿರಬೇಕು. ಆ ವಕೀಲರು ನಾನು ಇನ್ನೂ ಓದಿ ಮುಗಿಸದ ನಿಯಮಾವಳಿಯನ್ನು ಓದಿರಬೇಕು.

ಆ ನಿಯಮಾವಳಿ ದಂಡ ಕಡಿತದ್ದು. ಸಂಜೆಯ ರೈಲು ಬೇಡವೆಂದು ಆಫೀಸಿಗೆ ವಾಪಸು ಓಡಿ ಅದನ್ನು ತೆಗೆದೆ. ಕೂಟದಲ್ಲಿದ್ದವರಲ್ಲಿ ಯಾರು ಮೊದಲು ಬಂದು, ಪೂರ್ತಿಯಾಗಿ, ನಿಜವಾಗಿ ಎಲ್ಲವನ್ನೂ ಹೇಳುತ್ತಾರೋ ಅವರಿಗೆ ದಂಡ ಪೂರ್ತಿ ಬಿಡಬಹುದು. ಎರಡನೆಯವರಿಗೆ ಅರ್ಧದವರೆಗೆ. ಆಮೇಲಿನವರಿಗೆ ಇನ್ನೂ ಕಡಿಮೆ. ತನಿಖೆ ಶುರುವಾಗಿದ್ದರೂ ಬಾಗಿಲು ಮುಚ್ಚುವುದಿಲ್ಲ. ತಪ್ಪನ್ನು ಸಾಬೀತು ಮಾಡಲು ಸಾಕಾಗುವಷ್ಟು ಸಾಕ್ಷ್ಯ ಆಯೋಗದವರ ಕೈಯಲ್ಲಿ ಇನ್ನೂ ಇರಬಾರದು, ಅಷ್ಟೇ. ಅವರ ಕೈಯಲ್ಲಿದ್ದದ್ದು ಒಂದು ಇಂಟರ್ನೆಟ್ ವಿಳಾಸ. ಅದು ಸಾಲದು ಎಂದು ಹನ್ನೊಂದು ಪುಟ ಬರೆದವಳು ನಾನೇ. ಗುಂಬದಂತೆ ನಡುವೆ ನಿಂತವರೂ ಅರ್ಜಿ ಹಾಕಬಹುದೇ ಎಂಬುದು ನನ್ನ ದೊಡ್ಡ ಅನುಮಾನವಾಗಿತ್ತು. ಹೊಸ ನಿಯಮಾವಳಿ ಅವರನ್ನೂ ಸೇರಿಸಿಕೊಂಡಿತ್ತು. ಅದನ್ನು ಓದಿದಾಗ ಖಾಲಿ ಆಫೀಸಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಭಾನುವಾರ ಸೀನಿಯರ್ ಮನೆಗೆ ಹೋದೆ. ಅವರು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿ, ಕರಡನ್ನು ಹರಿಯೋಣ ಎಂದೆ.

"ಪಾರ್ಟಿಷನ್ ಸೂಟಾಗೆ ಮೊದಲು ಒಪ್ಕೊಂಡೋನು ಕೆಟ್ಟ ಅಂತ ಲೆಕ್ಕ" ಎಂದರು. "ಇದ್ಯಾವ ಕಾನೂನಮ್ಮ, ಮೊದಲು ಒಪ್ಕೊಂಡೋನ್ಗೆ ಮಾಫಿ?"

"ಕೂಟದೊಳಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋಗ್ಲಿ ಅಂತ ಸರ್."

ಅವರು ಸುಲಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ನಕ್ಕರು. "ಕೌರವರ ಮನೇಗೆ ಇದನ್ನ ಕಳ್ಸಿದ್ರೆ ಯುದ್ಧಾನೇ ಇರ್ತಿರ್ಲಿಲ್ಲ ಬುಡು." ಆಮೇಲೆ ನಗು ಬಿಟ್ಟು ಹೇಳಿದರು. "ಸುಳ್ಳು ಅಂತ ಗೊತ್ತಾದ ಮೇಲೆ ಆ ನಾಕನೇ ಪುಟಕ್ಕೆ ನಾ ಸೈನ್ ಆಕಲ್ಲ. ಆದ್ರೆ ತೀರ್ಮಾನ ನಿಂದೂ ಅಲ್ಲ, ನಂದೂ ಅಲ್ಲ. ಆವಮ್ಮುಂಗೆ ಎರಡೂ ದಾರಿ ಏಳು. ತಳ್ಬೇಡ."

ಹೇಳಿದೆ, ತಳ್ಳಲಿಲ್ಲ. ಒಪ್ಪಿಕೊಂಡರೆ ಯಜಮಾನರ ಮಾತುಗಳನ್ನೂ ಕೊಡಬೇಕು, ಅರ್ಧ ಹೇಳಿ ಅರ್ಧ ಉಳಿಸುವಂತಿಲ್ಲ ಎಂಬುದನ್ನೂ ಹೇಳಿದೆ. ಒಪ್ಪುವುದಾದರೆ ಬೇಕಾಗುತ್ತದೆಂದು ಅಧಿಕಾರ ಪತ್ರಕ್ಕೆ ಅಕ್ಕನ ಸಹಿ ಪಡೆದು ಫೋನಿನಲ್ಲಿ ಇಟ್ಟುಕೊಂಡೆ. ಅಕ್ಕ ಬೆಳಿಗ್ಗೆ ಹೇಳುತ್ತೇನೆ ಎಂದರು. ದೊಡ್ಡಪ್ಪನ ಮೊಟ್ಟೆ ತಿಂದು ಬೆಳೆದ ಮಗಳು ಪಕ್ಕದಲ್ಲೇ ಕುಳಿತು ಲೆಕ್ಕ ಮಾಡುತ್ತಿದ್ದಳು.

ಸಾಲಿನಲ್ಲಿ ಜಾಗ ಹಿಡಿಯಲು ಪೂರ್ತಿ ಅರ್ಜಿ ಬೇಕಿಲ್ಲ. ನಾವು ಯಾರು, ಯಾವ ಟೆಂಡರು, ನಮ್ಮ ಬಳಿ ಯಾವ ಬಗೆಯ ಸಾಕ್ಷ್ಯ ಇದೆ ಎಂದು ಚಿಕ್ಕ ಮಿಂಚಂಚೆ ಸಾಕು. ಅದು ತಲುಪಿದ ಹೊತ್ತಿನ ಮೇಲೆ ಸ್ಥಾನ ಗೊತ್ತಾಗುತ್ತದೆ. ಮಿಕ್ಕದ್ದಕ್ಕೆ ಹದಿನೈದು ದಿನದ ಗಡುವು. ಆ ಮಿಂಚಂಚೆಯನ್ನು ಬರೆದು, ಅಧಿಕಾರ ಪತ್ರ ಲಗತ್ತಿಸಿ ಸಿದ್ಧವಾಗಿ ಇಟ್ಟಿದ್ದೆ.

ಸೋಮವಾರ ಕೋರಮಂಡಲ್ಲಿನಲ್ಲಿ ರೈಲು ಹತ್ತಿದಾಗ ಕಾಲಿಡಲು ಜಾಗವಿರಲಿಲ್ಲ. ರೈಲು ಹೊರಡುತ್ತಿದ್ದಂತೆ ಫೋನು ಬಂತು. ಅಕ್ಕ ಒಂದೇ ಮಾತು ಹೇಳಿದರು. "ಕಳಿಸಮ್ಮ."

ಕಳಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಹಿಂದೆ ಸರಿದವು. ಚಕ್ರ ತಿರುಗುತ್ತಲೇ ಇತ್ತು. ಬಾಗಿಲ ಬಳಿ ಹೋದರೆ ಸಿಗ್ನಲ್ ಸಿಗಬಹುದೆಂದು ಜನರ ನಡುವೆ ತೂರಿದೆ. ಕೈ ಹೊರಗೆ ಚಾಚಿದೆ, ತಲೆಯ ಮೇಲೆ ಎತ್ತಿದೆ. ಬೇತಮಂಗಲದವರ ವಕೀಲರು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತಾ ಇದೇ ಗುಂಡಿ ಒತ್ತುತ್ತಿರುವುದು ಕಣ್ಣಿಗೆ ಕಟ್ಟಿತು. ನನ್ನ ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತಿದ್ದ ತಮಿಳು ಆಂಟಿ ನನ್ನ ಅವಸ್ಥೆಯನ್ನು ನೋಡಿ, "ಎನ್ನಮ್ಮಾ, ರಿಸಲ್ಟ್ ವಂದಿಡುಚ್ಚಾ?" ಎಂದರು. ಇನ್ನೂ ಇಲ್ಲ ಆಂಟಿ, ಬರಬೇಕು ಎಂದೆ. "ಪಾಸಾಗ್ತೀಯಾ ಬಿಡು" ಎಂದು ಒಂದು ಸೀಬೆಕಾಯಿ ಕೊಟ್ಟರು. ಬಂಗಾರಪೇಟೆಯ ಸಿಗ್ನಲ್ ಬಳಿ ರೈಲು ನಿಂತಾಗ ಚಕ್ರವೂ ನಿಂತಿತು. ಹೋಗಿತ್ತು.

ಸ್ಟೇಷನ್ನಿನಿಂದ ಅಕ್ಕನ ಅಂಗಡಿ ಕೂಗಳತೆಯ ದೂರ. ಅಲ್ಲಿನ ಒಳ್ಳೆಯ ಇಂಟರ್ನೆಟ್ಟಿನಿಂದ ಕಳಿಸಬಹುದಿತ್ತಲ್ಲ ಎಂದು ಸೀನಿಯರ್ ಆಮೇಲೆ ಕೇಳಿದರು. ನೋಟಿಸಿನಲ್ಲಿದ್ದ ಅದೇ ವಿಳಾಸದಿಂದಲಾ ಸರ್, ಎಂದೆ. ಅವರು ತಲೆ ಚಚ್ಚಿಕೊಂಡರು.

ಆ ವಾರದ ದಿನಚರಿಯಲ್ಲಿ ಕಾಯುವುದರ ಹೊರತು ಏನೂ ಇಲ್ಲ. ಶುಕ್ರವಾರ ಮಧ್ಯಾಹ್ನ, ಕೋರ್ಟಿನಲ್ಲಿ ಒಂದು ಗಡಿ ತಕರಾರಿನ ಸಾಕ್ಷಿ ನಡೆಯುತ್ತಿದ್ದಾಗ, ದೆಹಲಿಯಿಂದ ಉತ್ತರ ಬಂತು. ನಿಮ್ಮ ಸ್ಥಾನ ಮೊದಲನೆಯದು. ಹೊರಗೆ ಓಡಿ, ಹುಣಸೆ ಮರದ ಕೆಳಗೆ ಚಹಾ ಕುಡಿಯುತ್ತಿದ್ದ ಸೀನಿಯರಿಗೆ ಫೋನು ತೋರಿಸಿದೆ. ಅವರು ಓದಿ, ಫೋನನ್ನು ಹಿಂದಿರುಗಿಸಿ, ಇನ್ನೊಂದು ಚಹಾ ಹೇಳಿದರು. ಅದು ನನಗೆ. ಎರಡು ವರ್ಷದಲ್ಲಿ ಮೊದಲ ಸಲ.

ಅಲ್ಲಿಂದ ಗಡುವಿನ ಓಟ. ಧ್ವನಿ ಸಂದೇಶಗಳಿಗೆ ಹೊಸ ಸಾಕ್ಷ್ಯ ಕಾನೂನಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಫೋನಿನ ಒಡತಿಯ ಸಹಿ, ಇನ್ನೊಂದಕ್ಕೆ ಪರಿಣತರ ಸಹಿ. ಧ್ವನಿಯ ಕಡತವನ್ನು ಆಮೇಲೆ ತಿದ್ದಿಲ್ಲ ಎಂದು ತೋರಿಸುವ ಉದ್ದನೆಯ ಅಂಕೆ ಅಕ್ಷರಗಳ ಸರಣಿಯನ್ನೂ ಅದರಲ್ಲಿ ನಮೂದಿಸಬೇಕು. ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದ ಮೇಷ್ಟ್ರೊಬ್ಬರು ಒಪ್ಪಿದರು. ಮೊದಲ ಸಲ ತೆಗೆದ ಸರಣಿ ಎರಡನೇ ಸಲಕ್ಕೆ ಹೊಂದಲಿಲ್ಲ. ನಡುವೆ ನಾನು ಕಡತದ ಹೆಸರನ್ನು ಬದಲಿಸಿದ್ದೇ ಕಾರಣವೆಂದು ಹೆದರಿದ್ದೆ. ಹೆಸರಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಇನ್ನೊಂದು ಫೋನಿಗೆ ಫಾರ್ವರ್ಡ್ ಮಾಡಿದಾಗ ಕಡತವೇ ಬೇರೆಯಾಗಿತ್ತು. ಎಲ್ಲವನ್ನೂ ಮತ್ತೆ ಅಕ್ಕನ ಫೋನಿನಿಂದಲೇ ತೆಗೆದೆವು. ತಿದ್ದುಪಡಿಗೆ ಮುಂಚಿನ ಟೆಂಡರುಗಳನ್ನೂ ಆಮೇಲಿನದನ್ನೂ ಬೇರೆ ಬೇರೆ ಭಾಗ ಮಾಡಿ ಬರೆದೆ. ಅಕ್ಕನ ಹೊಣೆ ಶುರುವಾಗುವುದು ಎಲ್ಲಿಂದ ಎಂಬ ಪ್ರಶ್ನೆಯನ್ನು ಆಯೋಗವೇ ತೀರ್ಮಾನಿಸಲಿ ಎಂದು. ಗಡುವಿಗೆ ಎರಡು ದಿನ ಮೊದಲೇ ಅರ್ಜಿ ಹೋಯಿತು. ಅದರಲ್ಲಿ ಅಕ್ಕನ ತಪ್ಪು ಮೊದಲ ಪುಟದಲ್ಲೇ ಇತ್ತು.

ಈ ಅರ್ಜಿಯ ಸುದ್ದಿಯನ್ನು ಯಾರಿಗೂ ಹೇಳುವಂತಿಲ್ಲ. ಹೇಳಲಾಗದ್ದು ಎಷ್ಟು ಕಷ್ಟ ಎಂಬುದು ಮುಂದಿನ ಮಂಗಳವಾರ ಗೊತ್ತಾಯಿತು. ಒಂದು ಪ್ರತಿಗೆ ಸಹಿ ಪಡೆಯಲು ಅಂಗಡಿಯಲ್ಲಿದ್ದೆ. ಒಂದು ಆಟೊ ಬಂದು ನಿಂತಿತು. ನಾಲ್ಕು ಫಾರಮ್ಮಿನವರೂ ಇಳಿದರು. ನಾಲ್ವರಿಗೂ ನೋಟಿಸು ಬಂದಿತ್ತು. ಯಜಮಾನರು ತಮ್ಮದನ್ನು ಕೌಂಟರಿನ ಮೇಲೆ ಇಟ್ಟು, ಕುರ್ಚಿಯಲ್ಲಿ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಮೊದಲು ಒಪ್ಕೊಂಡೋರ್ಗೆ ಮಾಫಿ ಅಂತೆ ಕಣಮ್ಮ. ಕೋಲಾರದ ಲಾಯರು ಅಂದ್ರು. ನಮ್ ನಾಕು ಜನದ್ದೂ ಒಪ್ಗೆ ಕಳ್ಸ್‌ಬುಡು. ಒಂದೇ ಕಿತಾ."

"ಒಂದೇ ಸಲನಾ?"

"ಅದ್ಕೇ ಚೀಟಿ ಎತ್ಕೊಂಡ್ ಬಂದಿವಿ. ಮೊದಲ್ನೇದು ಮಾಲೂರು ರಸ್ತೆಯೋನು. ಎರಡ್ನೇದು ನಾನು."

ನಾನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದೆ. ನಗು ಬರುತ್ತಿತ್ತು. ಅಕ್ಕನ ಮುಖ ನೋಡಿದ ಮೇಲೆ ಬರಲಿಲ್ಲ. ಬೇತಮಂಗಲದವರು ಹಿಂದಿನಿಂದ, "ನಾ ಆವತ್ತೇ ಕೇಳ್ದೆ, ಮೆಸೇಜ್ ಅಳಿಸ್ಬಿಡಿ ಅಂತ ಏಳೋಣ ಅಂತ್ಲೇ ಫೋನ್ ಮಾಡಿದ್ದು, ನೀವು ಫೋನ್ ಇಟ್ಬುಟ್ರಿ" ಎಂದು ಗೊಣಗಿದರು. ನಾನು ರೈಲಿನ ಬಾಗಿಲಲ್ಲಿ ಜೋತಾಡಿದ್ದು ಇಲ್ಲದ ಎದುರಾಳಿಯ ವಿರುದ್ಧ.

ಅಕ್ಕ ಡಬ್ಬಿ ತೆಗೆದರು. ಬಿಳಿ ಬಣ್ಣದ ನಾಲ್ಕು ಟೋಕನ್ನುಗಳನ್ನು ಆರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟರು. ಪಾಸ್‌ವರ್ಡನ್ನು ಒಬ್ಬೊಬ್ಬರ ಕಿವಿಯಲ್ಲೇ ಹೇಳಿದರು. ಅವರವರ ಸಹಿಯ ಗುಟ್ಟು ಅವರಿಗೇ ಹೊಸದು.

"ಇನ್ಮೇಲೆ ಇದು ನಿಮ್ಮ ಹತ್ರನೇ ಇರ್ಬೇಕು ದೊಡ್ಡಪ್ಪ. ಒಪ್ಗೆನೂ ನಾನು ಕಳ್ಸಲ್ಲ. ನಾಲ್ಕು ಜನ ನಾಲ್ಕು ಲಾಯರ್ ಹತ್ರ ಓಗಿ. ಜೊತೇಲಿ ಓಗ್ಬೇಡಿ."

"ಯಾಕಮ್ಮ, ನಮ್ ಮೇಲೆ ಕ್ವಾಪನಾ?"

"ಇಲ್ಲ."

ಯಜಮಾನರು ಟೋಕನ್ನನ್ನು ಅಂಗೈಯಲ್ಲಿ ಹೊರಳಿಸಿದರು. ಅಕ್ಕನನ್ನು ನೋಡಿದರು, ನನ್ನ ಕರಿ ಕೋಟು ನೋಡಿದರು, ಮತ್ತೆ ಅಕ್ಕನನ್ನು. ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗೇನಿದೆ ಎಂದು ಹೇಳುವ ಕಸುಬು ಅವರದು.

"ಚೀಟಿ ನೀನೇ ಎತ್ಕೊಂಡ್ಯಾ" ಎಂದರು. ಪ್ರಶ್ನೆಯ ಹಾಗೆ ಹೇಳಲಿಲ್ಲ. ಅಕ್ಕ ಡಬ್ಬಿಯ ಮುಚ್ಚಳ ಹಾಕಿದರು. ಯಜಮಾನರು ಎದ್ದು ಹೋಗಿ ಆಟೊ ಹತ್ತಿದರು. ಉಳಿದ ಮೂವರು ಹತ್ತಲು ಹೋದಾಗ, "ಬ್ಯಾರೆ ಬ್ಯಾರೆ ಓಗ್ರಲಾ, ಆವಮ್ಮ ಏಳಿದ್ದು ಕೇಳ್ಸ್‌ಲಿಲ್ವಾ" ಎಂದು ಗದರಿದ್ದು ಒಳಗೆ ಕೇಳಿಸಿತು.

ಅದಾದ ಮೇಲೆ ಬಹಳ ದಿನ ಅವರು ಅಂಗಡಿಯ ಕಡೆ ಬರಲಿಲ್ಲ. ಅಕ್ಕ ಮನೆಗೆ ಬೇಕಾದ ಮೊಟ್ಟೆಯನ್ನು ದಿನಸಿ ಅಂಗಡಿಯಿಂದ ಕೊಂಡು ತರತೊಡಗಿದರು. ವಿಚಾರಣೆಗೆ ನಾವು ಒಮ್ಮೆ ದೆಹಲಿಗೆ ಹೋದೆವು, ಎರಡು ಸಲ ವಿಡಿಯೊದಲ್ಲಿ ಹಾಜರಾದೆವು. ಆದೇಶ ಬಂದ ದಿನ ನಾನು ಕೊನೆಯ ಪುಟದಿಂದ ಓದತೊಡಗಿದೆ. ನಾಲ್ಕು ಫಾರಮ್ಮುಗಳು ಮತ್ತು ಅಕ್ಕ, ಐವರೂ ಕಾಯ್ದೆ ಮುರಿದದ್ದು ನಿಜ. ಅಕ್ಕನ ದಂಡ ಪೂರ್ತಿ ಬಿಟ್ಟಿದೆ. ಯಜಮಾನರು ಸಾಲಿನಲ್ಲಿ ಎರಡನೆಯವರಾಗಿ ನಿಂತಿದ್ದರು. ಅವರದು ಅರ್ಧ ಬಿಟ್ಟಿದೆ. ಪರವಾನಗಿಯ ನಮೂನೆಯ ಆ ಕಾಲಮಿನಲ್ಲಿ ದಂಡ ಇಲ್ಲ ಎಂದು ಬರೆದು, ಆದೇಶದ ಪ್ರತಿಯನ್ನೂ ಲಗತ್ತಿಸಿದೆವು. ಲಗತ್ತಿಸಬೇಕಿರಲಿಲ್ಲ. ಅಕ್ಕನೇ ಇರಲಿ ಎಂದರು. ನವೀಕರಣವಾಯಿತು. ಸೀನಿಯರ್ ಆ ವಾರ ಆಂಧ್ರದ ಗಡಿಯ ಯಾರೋ ಮರಳು ಲಾರಿಯವರಿಗೆ ಫೋನಿನಲ್ಲಿ, ಸ್ಪರ್ಧಾ ಕಾಯ್ದೆಯ ಕೇಸುಗಳನ್ನೂ ನಾವು ನೋಡುತ್ತೇವೆ ಎಂದು ಹೇಳುತ್ತಿದ್ದರು.

ಹೋದ ತಿಂಗಳು ಮೊಟ್ಟೆಯ ಹೊಸ ಟೆಂಡರಿಗೆ ಕೊನೆಯ ದಿನ ನಾನು ಅಂಗಡಿಯಲ್ಲಿದ್ದೆ. ಯಜಮಾನರು ಬಂದರು. ಕೈಯಲ್ಲಿ ಒಂದು ಟ್ರೇ ಮೊಟ್ಟೆ. ಅದನ್ನು ಕೌಂಟರಿನ ಮೇಲೆ ಇಟ್ಟು, ಅಂಗಿಯ ಒಳಗಿಂದ ಉಡಿದಾರಕ್ಕೆ ಕಟ್ಟಿದ್ದ ಟೋಕನ್ ತೆಗೆದರು. ಬಿಳಿ ಬಣ್ಣ ಸವೆದಿತ್ತು. ಬೇರೆ ಮೂವರು ಎಲ್ಲಿ ಏರಿಸಿದರೋ ತಮಗೆ ಗೊತ್ತಿಲ್ಲ, ಕೇಳುವುದೂ ಇಲ್ಲ ಎಂದರು. ಅಕ್ಕ ಕಾಗದಪತ್ರಗಳನ್ನೆಲ್ಲ ಏರಿಸಿ, ದರದ ಪುಟ ತೆರೆದು, ಎಷ್ಟು ಎಂದು ಕೇಳಲು ಹೊರಟರು. ಅವರು ಕೈ ಅಡ್ಡ ಹಿಡಿದರು.

"ನೀ ಆ ಕಡೆ ತಿರುಕ್ಕೊ. ನಂಬರು ನಾನೇ ಆಕ್ತೀನಿ."

ಅಕ್ಕ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದರು. ಯಜಮಾನರು ನನ್ನ ಕಡೆ ನೋಡಿದರು. ನಾನೂ ತಿರುಗಿ ಕುಳಿತೆ. ಹಿಂದಿನಿಂದ, ಒಂದೇ ಬೆರಳಿನಲ್ಲಿ, ಅವರು ಗುಂಡಿ ಹುಡುಕಿ ಒತ್ತುವ ಸದ್ದು ಕೇಳುತ್ತಿತ್ತು. ಒಂದು ದರ ಒತ್ತಿದರು. ಒಂದೇ ಗುಂಡಿಯನ್ನು ಟಕಟಕನೆ ಒತ್ತಿ ಅಳಿಸಿದರು. ಅದಕ್ಕಿಂತ ಕಡಿಮೆಯದನ್ನು ಹಾಕಿರಬೇಕು, ಯಾಕೆಂದರೆ ನಿಟ್ಟುಸಿರು ಬಿಟ್ಟರು.